ಹೊಸ ಟರ್ಬೊ ಡೀಸೆಲ್ ಎಂಜಿನ್ ಪಳಗಿಸುವುದು ಹೇಗೆ: ಮೊದಲು ಬಿಸಿ, ಆಮೇಲೆ ಭಾರ

ಹೊಸ ಡೀಸೆಲ್ ಗಾಡಿ ತಂದ ವಾರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸಾವಿರ ಕಿ.ಮೀ. ಆಗುವ ತನಕ ಅರವತ್ತರ ಮೇಲೆ ಹೋಗಲೇಬೇಡಿ ಅಂತ ಒಬ್ಬರು. ಈಗಿನ ಎಂಜಿನ್‌ಗೆ ರನ್ನಿಂಗ್-ಇನ್, ಅಂದರೆ ಪಳಗಿಸುವುದು ಅನ್ನುವುದೇ ಇಲ್ಲ, ಮೊದಲ ದಿನದಿಂದಲೇ ಒತ್ತಿ ಓಡಿಸಿ ಅಂತ ಇನ್ನೊಬ್ಬರು. ಎರಡನ್ನೂ ಪೂರ್ತಿ ನಂಬಬೇಡಿ. ಹೊಸ ಟರ್ಬೊ ಡೀಸೆಲ್‌ಗೆ ಅತಿ ದುಡಿಮೆಯೂ ಆಗದು, ಅತಿ ಮುದ್ದೂ ಆಗದು. ನನ್ನ ಅನುಭವದಲ್ಲಿ ಹೆಚ್ಚು ಅಪಾಯ ಮುದ್ದಿನಿಂದಲೇ, ಯಾಕಂದರೆ ಒರಟಾಗಿ ಓಡಿಸುವವರಿಗೆ ತಾವು ಮಾಡುತ್ತಿರುವುದು ತಪ್ಪು ಅಂತ ಒಳಗೊಳಗೇ ಗೊತ್ತಿರುತ್ತದೆ, ಮುದ್ದು ಮಾಡುವವರಿಗೆ ಗೊತ್ತಿರುವುದಿಲ್ಲ.

ನನ್ನ ಮೊದಲ ಡೀಸೆಲ್ ಕಾರು ಹಾಗೇ ಕೆಟ್ಟಿತು. ಮೊದಲ 2,000 ಕಿ.ಮೀ. ತನಕ 1,500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ದಾಟದ ಹಾಗೆ, ಆದಷ್ಟು ಬೇಗ ಟಾಪ್ ಗೇರಿಗೆ ಹಾಕಿ, ಪೆಡಲ್ ಮೇಲೆ ಕಾಲು ತಾಗಿಯೂ ತಾಗದ ಹಾಗೆ ಓಡಿಸಿದೆ. ಮಾರುವ ತನಕ ಅದು ಪ್ರತಿ ಸಾವಿರ ಕಿ.ಮೀ.ಗೆ ಅರ್ಧ ಲೀಟರ್ ಹತ್ತಿರ ಆಯಿಲ್ ಕುಡಿಯುತ್ತಿತ್ತು. ಅದಕ್ಕೇ ಈ ವಿಷಯ ನನಗೆ ಅಷ್ಟು ಮುಖ್ಯ. ಇದರಲ್ಲಿ ನೀವು ನೆನಪಿಡಬೇಕಾದ ಮಾತು ಒಂದೇ: ಮೊದಲು ಎಂಜಿನ್ ಬಿಸಿ ಆಗಲಿ, ಆಮೇಲೆ ಅದಕ್ಕೆ ಕೆಲಸ ಕೊಡಿ. ತಣ್ಣಗಿರುವಾಗ ಭಾರ ಹಾಕಬೇಡಿ, ಬಿಸಿಯಾದ ಮೇಲೆ ಸುಮ್ನೆ ಕೂರಿಸಬೇಡಿ.

ಒಳಗೆ ನಡೆಯುವುದೇನು

ಸಿಲಿಂಡರಿನ ಒಳಗೋಡೆ ಕನ್ನಡಿಯ ಹಾಗೆ ನುಣುಪಾಗಿರುತ್ತದೆ ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಿರುವುದಿಲ್ಲ. ಫ್ಯಾಕ್ಟರಿಯಲ್ಲಿ ಅದರ ಮೇಲೆ ಬೇಕಂತಲೇ ಸಣ್ಣ ಸಣ್ಣ ಅಡ್ಡ ಗೆರೆಗಳನ್ನು ಕೊರೆದಿರುತ್ತಾರೆ. ಇದಕ್ಕೆ ಹೋನಿಂಗ್ ಅನ್ನುತ್ತಾರೆ. ಆ ಗೆರೆಗಳ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ, ಅವುಗಳ ಏಣು ಪಿಸ್ಟನ್ ಸುತ್ತ ಇರುವ ಲೋಹದ ಬಳೆಗಳಿಗೆ, ಅಂದರೆ ಪಿಸ್ಟನ್ ರಿಂಗ್‌ಗಳಿಗೆ ತಾಗಿ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ರಿಂಗೂ ಸವೆಯುತ್ತದೆ. ಹೀಗೆ ಎರಡೂ ಒಂದಕ್ಕೊಂದು ಒಗ್ಗಿ ಕೂತರೆ ಸುಟ್ಟ ಗಾಳಿ ಕೆಳಗಿಳಿಯುವುದಿಲ್ಲ, ಆಯಿಲ್ ಮೇಲೆ ಹತ್ತುವುದಿಲ್ಲ. ಪಳಗಿಸುವುದು ಅಂದರೆ ಮುಖ್ಯವಾಗಿ ಇದೇ.

ಈಗ ಮುಖ್ಯ ಸಂಗತಿ. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದು ಅದರ ಸ್ವಂತ ಸ್ಪ್ರಿಂಗ್ ಬಲ ಮಾತ್ರ ಅಲ್ಲ. ಡೀಸೆಲ್ ಉರಿದಾಗ ಹುಟ್ಟುವ ಒತ್ತಡ ರಿಂಗಿನ ಹಿಂದಿನ ಸಂದಿಗೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಈಗಿನ ಡೀಸೆಲ್ ಎಂಜಿನ್‌ಗಳಲ್ಲಿ ಪೂರ್ತಿ ಭಾರ ಬಿದ್ದಾಗ ಆ ಒತ್ತಡ 150 ಬಾರ್ ದಾಟುತ್ತದೆ (ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು ಒಂದು ಬಾರ್). ಭಾರವೇ ಇಲ್ಲದಿದ್ದರೆ ಒತ್ತಡ ಕಡಿಮೆ, ರಿಂಗು ಗೋಡೆಯ ಮೇಲೆ ಆಯಿಲ್ ಪಸೆಯಲ್ಲಿ ತೇಲಿಕೊಂಡು ಹೋಗುತ್ತದೆ. ಆಗ ಉಳಿದ ಆಯಿಲ್ ಬಿಸಿಗೆ ಸುಟ್ಟು ಗೆರೆಗಳ ತಗ್ಗಿನಲ್ಲಿ ವಾರ್ನಿಶ್ ಹಾಗೆ ಅಂಟಿಕೊಳ್ಳುತ್ತದೆ. ಗ್ಲೇಜಿಂಗ್ ಅನ್ನುವುದು ಇದಕ್ಕೇ. ಒಮ್ಮೆ ಗ್ಲೇಜ್ ಚೆನ್ನಾಗಿ ಕೂತುಬಿಟ್ಟರೆ ಆಮೇಲೆ ಎಷ್ಟೇ ಸರಿಯಾಗಿ ಓಡಿಸಿದರೂ ಹೋಗುವುದು ಕಷ್ಟ, ಎಂಜಿನ್ ಬಿಚ್ಚಿ ಮತ್ತೆ ಹೋನಿಂಗ್ ಮಾಡಬೇಕಾಗಿ ಬರುತ್ತದೆ.

ಹಾಗಂತ ಮೊದಲ ದಿನವೇ ಪೆಡಲನ್ನು ಪೂರ್ತಿ ತುಳಿದು ಹಿಡಿದರೆ? ಏಣುಗಳು ಇನ್ನೂ ಚೂಪಾಗಿರುತ್ತವೆ, ತಾಗಿದ ಜಾಗ ಸಣ್ಣದು, ಬಿಸಿಯೆಲ್ಲ ಅಷ್ಟೇ ಜಾಗದಲ್ಲಿ ಸೇರುತ್ತದೆ. ಆಯಿಲ್ ಪಸೆ ಹರಿದು ಲೋಹಕ್ಕೆ ಲೋಹ ಉಜ್ಜಿದರೆ ಗೋಡೆಯ ಮೇಲೆ ಗೀರು ಬೀಳುತ್ತದೆ. ಅದೂ ಸರಿಹೋಗದ ಗಾಯ. ಆದ್ದರಿಂದ ಭಾರ ಬೇಕು, ಆದರೆ ಸ್ವಲ್ಪ ಹೊತ್ತು ಕೊಟ್ಟು, ಬಿಟ್ಟು, ಮತ್ತೆ ಕೊಟ್ಟು, ದಿನದಿಂದ ದಿನಕ್ಕೆ ಏರಿಸುತ್ತಾ ಹೋಗಬೇಕು.

ಮೊದಲ 1,500 ಕಿ.ಮೀ.

ಗಾಡಿಯ ಜೊತೆ ಬಂದ ಮ್ಯಾನುಯಲ್ ಮೊದಲು ಓದಿ. ಅದರಲ್ಲಿ ಇಷ್ಟು ಕಿ.ಮೀ. ತನಕ ಇಷ್ಟು ಆರ್‌ಪಿಎಂ ದಾಟಬೇಡಿ ಅಂತ ಬರೆದಿದ್ದರೆ ಅದೇ ಕೊನೆಯ ಮಾತು, ನಾನು ಕೆಳಗೆ ಹೇಳುವುದನ್ನು ಅದರ ಒಳಗೇ ಹೊಂದಿಸಿಕೊಳ್ಳಿ. ಹೆಚ್ಚಿನ ಕಂಪನಿಗಳು 1,000ದಿಂದ 1,500 ಕಿ.ಮೀ. ತನಕ ಎಚ್ಚರ ಇರಲಿ ಅನ್ನುತ್ತವೆ.

ಬೆಳಿಗ್ಗೆ ಕೀ ತಿರುಗಿಸಿದಾಗ ಸಿಲಿಂಡರಿನ ಒಳಗನ್ನು ಮೊದಲೇ ಬಿಸಿ ಮಾಡುವ ಗ್ಲೋ ಪ್ಲಗ್‌ನ ದೀಪ ಆರುವ ತನಕ ಕಾಯಿರಿ, ಆಮೇಲೆ ಸ್ಟಾರ್ಟ್ ಮಾಡಿ. ಸ್ಟಾರ್ಟ್ ಆದ ಮೇಲೆ ಹದಿನೈದು ಇಪ್ಪತ್ತು ಸೆಕೆಂಡು ಸುಮ್ನೆ ಬಿಡಿ. ಸೀಟ್ ಬೆಲ್ಟ್ ಹಾಕಿ ಕನ್ನಡಿ ಸರಿ ಮಾಡುವಷ್ಟರಲ್ಲಿ ಆಯಿಲ್ ಎಲ್ಲ ಕಡೆ ತಲುಪಿರುತ್ತದೆ. ಅಷ್ಟೇ ಸಾಕು, ಹೊರಡಿ. ಹತ್ತು ನಿಮಿಷ ನಿಲ್ಲಿಸಿಟ್ಟು ಬಿಸಿ ಮಾಡುವ ಅಭ್ಯಾಸ ಡೀಸೆಲ್‌ಗೆ ಒಳ್ಳೆಯದಲ್ಲ. ನಿಂತ ಡೀಸೆಲ್ ಎಂಜಿನ್ ಬೇಗ ಬಿಸಿ ಆಗುವುದೇ ಇಲ್ಲ, ಅದು ಸುಡುವ ಇಂಧನವೇ ಅಷ್ಟು ಕಡಿಮೆ. ಆ ಹತ್ತು ನಿಮಿಷ ಮಸಿ ಕಟ್ಟುವುದಕ್ಕೂ ಗ್ಲೇಜ್ ಆಗುವುದಕ್ಕೂ ದಾರಿ, ಅಷ್ಟೇ.

ಹೊರಟ ಮೇಲೆ 2,000, ಹೆಚ್ಚೆಂದರೆ 2,500 ಆರ್‌ಪಿಎಂ ಒಳಗೆ ಹಗುರ ಕಾಲಿನಲ್ಲಿ ಓಡಿಸಿ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದ ತಕ್ಷಣ ಎಂಜಿನ್ ಬಿಸಿಯಾಯಿತು ಅಂತ ತಿಳಿಯಬೇಡಿ. ಆ ಮುಳ್ಳು ತೋರಿಸುವುದು ಎಂಜಿನ್ ತಣಿಸುವ ದ್ರವದ, ಅಂದರೆ ಕೂಲೆಂಟ್‌ನ ಬಿಸಿಯನ್ನು. ಆಯಿಲ್ ಬಿಸಿಯಾಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಮುಳ್ಳು ಮಧ್ಯಕ್ಕೆ ಬಂದ ಮೇಲೆ ಇನ್ನೂ ಐದರಿಂದ ಹತ್ತು ಕಿ.ಮೀ. ಹಾಗೇ ಹೋಗಿ. ನಿಮ್ಮ ಗಾಡಿಯ ಪರದೆಯಲ್ಲಿ ಆಯಿಲ್ ಟೆಂಪರೇಚರ್ ತೋರಿಸುತ್ತಿದ್ದರೆ ಕೆಲಸ ಸುಲಭ, 80 ಡಿಗ್ರಿ ದಾಟಲಿ.

ಇಲ್ಲಿಂದ ನಿಜವಾದ ಪಳಗಿಸುವ ಕೆಲಸ. ಖಾಲಿ ರಸ್ತೆಯಲ್ಲಿ ಮೂರನೆಯ ಅಥವಾ ನಾಲ್ಕನೆಯ ಗೇರಿನಲ್ಲಿ 1,700 ಆರ್‌ಪಿಎಂ ಹತ್ತಿರ ಇರಿ. ಪೆಡಲನ್ನು ಅರ್ಧದಷ್ಟು ಒತ್ತಿ, ಒಮ್ಮೆಲೇ ಅಲ್ಲ, ಒಂದೇ ಸಮನೆ ಒತ್ತುತ್ತಾ 2,500ಕ್ಕೆ ತನ್ನಿ. ಕಾಲು ತೆಗೆಯಿರಿ. ಗೇರಿನಲ್ಲೇ ಗಾಡಿ ತಾನಾಗಿ ನಿಧಾನ ಆಗಲಿ. ಮತ್ತೆ ಹಾಗೇ ಮಾಡಿ. ಒತ್ತಿದಾಗ ರಿಂಗು ಗೋಡೆಗೆ ಕೂರುತ್ತದೆ, ಬಿಟ್ಟಾಗ ಬಿಸಿ ಇಳಿದು ಉಜ್ಜಿದ ಪುಡಿಯನ್ನು ಆಯಿಲ್ ತೊಳೆದುಕೊಂಡು ಹೋಗುತ್ತದೆ. ಒಂದು ಓಟದಲ್ಲಿ ಎಂಟು ಹತ್ತು ಸಲ ಹೀಗೆ ಮಾಡಿದರೆ ಸಾಕು, ಉಳಿದ ಹೊತ್ತು ಮಾಮೂಲಿಯಾಗಿ ಓಡಿಸಿ. ಸಣ್ಣ ಏರುಗಳು ಇರುವ ರಸ್ತೆ ಸಿಕ್ಕರೆ ಇನ್ನೂ ಒಳ್ಳೆಯದು, ಏರು ತಾನಾಗಿ ಭಾರ ಕೊಡುತ್ತದೆ, ಇಳಿಜಾರು ಬಿಡುವು ಕೊಡುತ್ತದೆ.

ನಾನು ಅನುಸರಿಸುವ ಲೆಕ್ಕ ಹೀಗಿದೆ. ಮೊದಲ 500 ಕಿ.ಮೀ. ತನಕ 2,500 ಆರ್‌ಪಿಎಂ, ಅರ್ಧ ಪೆಡಲ್. ಅಲ್ಲಿಂದ 1,000 ತನಕ 3,000 ಆರ್‌ಪಿಎಂ, ಮುಕ್ಕಾಲು ಪೆಡಲ್. ಅಲ್ಲಿಂದ 1,500 ತನಕ 3,500, ಆಗಾಗ ನಾಲ್ಕೈದು ಸೆಕೆಂಡು ಪೂರ್ತಿ ಪೆಡಲ್. ಕಾರಿನ ಡೀಸೆಲ್ ಎಂಜಿನ್‌ಗಳ ಕೆಂಪು ಗೆರೆ ಸಾಮಾನ್ಯವಾಗಿ 4,500ರಿಂದ 5,000 ಆರ್‌ಪಿಎಂ ಹತ್ತಿರ ಇರುತ್ತದೆ, ಪೆಟ್ರೋಲ್ ಎಂಜಿನ್‌ಗೆ ಹೇಳಿದ ಅಂಕಿಗಳನ್ನು ಇಲ್ಲಿಗೆ ತರಬೇಡಿ.

ಇನ್ನು ಮಾಡಬಾರದ್ದು. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಹೋಗಬೇಡಿ. ದೂರ ಹೋಗಲೇಬೇಕಾದರೆ ಐದೈದು ನಿಮಿಷಕ್ಕೆ ವೇಗ ಬದಲಿಸಿ, ಒಮ್ಮೊಮ್ಮೆ ಒಂದು ಗೇರು ಇಳಿಸಿ. ಕ್ರೂಸ್ ಕಂಟ್ರೋಲ್ ಸದ್ಯಕ್ಕೆ ಮರೆತುಬಿಡಿ. ಟ್ರೇಲರ್ ಕಟ್ಟಬೇಡಿ. ಆಟೊಮ್ಯಾಟಿಕ್ ಗಾಡಿಯಾದರೆ ಪೆಡಲನ್ನು ನೆಲಕ್ಕೆ ತುಳಿದು ಗೇರು ತಟಕ್ಕನೆ ಇಳಿಯುವ ಹಾಗೆ ಮಾಡಬೇಡಿ, ಮ್ಯಾನುಯಲ್ ಮೋಡ್ ಇದ್ದರೆ ಅದನ್ನು ಬಳಸಿ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ರೇಸ್ ಮಾಡಬೇಡಿ, ಇದು ಎಂಜಿನ್ ಎಷ್ಟೇ ಹಳೆಯದಾದರೂ ಬೇಡ.

ಇವೆಲ್ಲಕ್ಕಿಂತ ಜಾಸ್ತಿ ಜನ ಮಾಡುವ ತಪ್ಪು ಒಂದಿದೆ. ಟಾಪ್ ಗೇರಿನಲ್ಲಿ 1,200 ಆರ್‌ಪಿಎಂನಲ್ಲಿ ಹೋಗುತ್ತಾ, ಮುಂದೆ ಏರು ಬಂದಾಗ ಗೇರು ಇಳಿಸದೆ ಪೆಡಲ್ ಮಾತ್ರ ಒತ್ತುವುದು. ಗಾಡಿ ಗುಡುಗುಡು ಅಂತ ನಡುಗುತ್ತದೆ, ಆದರೂ ಎಳೆದುಕೊಂಡು ಹೋಗುತ್ತದೆ, ಡೀಸೆಲ್‌ನ ತಾಕತ್ತೇ ಹಾಗೆ. ಆದರೆ ಅಷ್ಟು ನಿಧಾನ ತಿರುಗುವಾಗ ಬೇರಿಂಗ್‌ಗಳ ಆಯಿಲ್ ಪಸೆ ತೆಳುವಾಗಿರುತ್ತದೆ, ಸಿಲಿಂಡರ್ ಒತ್ತಡ ಮಾತ್ರ ದೊಡ್ಡದು, ಎಂಜಿನ್‌ಗೆ ಒತ್ತಿ ಗಾಳಿ ತುಂಬಿಸುವ ಟರ್ಬೊ ಇನ್ನೂ ಸರಿಯಾಗಿ ಗಾಳಿ ಕೊಡುತ್ತಿರುವುದಿಲ್ಲ, ಹಾಗಾಗಿ ಮಸಿಯೂ ಜಾಸ್ತಿ. ಆ ನಡುಕವನ್ನೆಲ್ಲ ತಿನ್ನುವುದು ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವಿನ ಡ್ಯುಯಲ್ ಮಾಸ್ ಫ್ಲೈವೀಲ್ ಅನ್ನುವ ಚಕ್ರ, ಅದು ಕೆಟ್ಟರೆ ಖರ್ಚು ದೊಡ್ಡದು. 1,500ಕ್ಕಿಂತ ಕೆಳಗೆ ಇರುವಾಗ ಜೋರು ಬೇಕಾದರೆ ಮೊದಲು ಗೇರು ಇಳಿಸಿ. ಡ್ಯಾಶ್‌ಬೋರ್ಡಿನಲ್ಲಿ ಬಾಣದ ಗುರುತು ಮೇಲಿನ ಗೇರಿಗೆ ಹಾಕು ಅಂತ ತೋರಿಸುತ್ತಲೇ ಇರುತ್ತದೆ, ಅದು ಮೈಲೇಜಿನ ಲೆಕ್ಕ, ಎಂಜಿನ್ ಬಾಳಿಕೆಯ ಲೆಕ್ಕ ಅಲ್ಲ.

ಬ್ರೇಕು, ಟೈರು ಕೂಡ ಹೊಸದೇ. ಮೊದಲ 200–300 ಕಿ.ಮೀ. ಅವುಗಳ ಹಿಡಿತ ಪೂರ್ತಿ ಬಂದಿರುವುದಿಲ್ಲ, ಮುಂದಿನ ಗಾಡಿಯಿಂದ ಸ್ವಲ್ಪ ಜಾಸ್ತಿ ದೂರ ಇಟ್ಟುಕೊಳ್ಳಿ.

1,500 ದಾಟಿದ ಮೇಲೆ ಎಲ್ಲ ಮುಗಿಯಿತು ಅಂತಲ್ಲ. ಮೈಲೇಜು, ಪಿಕಪ್ಪು ಹತ್ತು ಹದಿನೈದು ಸಾವಿರ ಕಿ.ಮೀ. ತನಕ ನಿಧಾನವಾಗಿ ಸುಧಾರಿಸುವುದುಂಟು. ಮೊದಲ ತಿಂಗಳ ಮೈಲೇಜು ನೋಡಿ ಬೇಜಾರು ಮಾಡಿಕೊಳ್ಳಬೇಡಿ.

ಟರ್ಬೊ

ಹೊರಗೆ ಹೋಗುವ ಹೊಗೆಯ ರಭಸದಿಂದಲೇ ಒಳಗೆ ಗಾಳಿ ತುಂಬಿಸುವ ಯೋಚನೆಗೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬೂಶಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಡೀಸೆಲ್ ಕಾರಿಗೆ ಟರ್ಬೊ ಬಂದು ಮಾರುಕಟ್ಟೆಗೆ ಇಳಿದದ್ದು 1978ರಲ್ಲಿ, ಮರ್ಸಿಡಿಸ್ 300ಎಸ್‌ಡಿ ಮೂಲಕ. ನಡುವೆ ಅಷ್ಟು ವರ್ಷ ಹಿಡಿಯಿತು ಅಂದರೆ ಆಶ್ಚರ್ಯ ಇಲ್ಲ, ಈ ಸಣ್ಣ ಯಂತ್ರದ ಮೇಲೆ ಬೀಳುವ ಹೊರೆ ಅಂಥದ್ದು. ಕಾರಿನ ಟರ್ಬೊದ ಶಾಫ್ಟ್ ಜೋರಾಗಿ ಕೆಲಸ ಮಾಡುವಾಗ ನಿಮಿಷಕ್ಕೆ ಒಂದು ಲಕ್ಷದಿಂದ ಎರಡು ಲಕ್ಷ ಸುತ್ತು ತಿರುಗುತ್ತದೆ. ಅದರ ಒಂದು ತುದಿಯಲ್ಲಿ 700 ಡಿಗ್ರಿ ದಾಟುವ ಹೊಗೆ, ಇನ್ನೊಂದು ತುದಿಯಲ್ಲಿ ಹೊರಗಿನ ಗಾಳಿ. ಮಧ್ಯದಲ್ಲಿ ಶಾಫ್ಟನ್ನು ಹಿಡಿದಿರುವುದು ಕೂದಲಿಗಿಂತ ತೆಳುವಾದ ಆಯಿಲ್ ಪಸೆ. ಟರ್ಬೊ ಉಳಿಯುವುದು, ಸಾಯುವುದು ಎರಡೂ ಆ ಪಸೆಯ ಮೇಲೆಯೇ.

ಹಾಗಾಗಿ ಎರಡು ಹೊತ್ತು ಎಚ್ಚರ ಬೇಕು. ಒಂದು, ತಣ್ಣಗೆ ಸ್ಟಾರ್ಟ್ ಮಾಡಿದಾಗ. ಆಯಿಲ್ ಗಟ್ಟಿಯಾಗಿರುತ್ತದೆ, ಟರ್ಬೊಗೆ ತಲುಪಲು ಕೆಲವು ಸೆಕೆಂಡು ಬೇಕು. ಸ್ಟಾರ್ಟ್ ಮಾಡುತ್ತಿದ್ದ ಹಾಗೇ ರೇಸ್ ಮಾಡಿದರೆ ಒಣ ಬೇರಿಂಗ್ ಮೇಲೆ ಶಾಫ್ಟ್ ತಿರುಗಿದ ಹಾಗೆ. ಎರಡು, ನಿಲ್ಲಿಸುವಾಗ. ಹೆದ್ದಾರಿಯಲ್ಲಿ ಜೋರಾಗಿ ಬಂದು, ಅಥವಾ ಉದ್ದ ಏರು ಹತ್ತಿ ನೇರ ನಿಲ್ಲಿಸಿ ಕೀ ತೆಗೆದರೆ ಆಯಿಲ್ ಹರಿವು ಅಲ್ಲಿಗೇ ನಿಂತಿತು, ಆದರೆ ಟರ್ಬೈನಿನ ಬಿಸಿ ಬೇರಿಂಗ್ ಕಡೆಗೆ ಇಳಿಯುತ್ತಲೇ ಇರುತ್ತದೆ. ಅಲ್ಲಿ ನಿಂತ ಆಯಿಲ್ ಬೆಂದು ಕರಕಲಾಗುತ್ತದೆ. ದಿನ ದಿನ ಹೀಗಾದರೆ ಕರಕಲು ಕಟ್ಟಿ ಆಯಿಲ್ ದಾರಿಯೇ ಕಿರಿದಾಗುತ್ತದೆ.

ಇದಕ್ಕೆ ಒಳ್ಳೆಯ ಉಪಾಯ ಕೊನೆಯ ಎರಡು ಮೂರು ಕಿ.ಮೀ. ನಿಧಾನ ಓಡಿಸಿಕೊಂಡು ಬರುವುದು. ಅಷ್ಟರಲ್ಲಿ ಟರ್ಬೊ ತಾನಾಗಿ ತಣ್ಣಗಾಗುತ್ತದೆ, ನಿಂತು ಕಾಯುವ ಕೆಲಸವೇ ಇಲ್ಲ. ಹೆದ್ದಾರಿಯಿಂದ ನೇರ ಪೆಟ್ರೋಲ್ ಬಂಕಿಗೆ ಇಳಿದಿರಿ ಅಂತಿಟ್ಟುಕೊಳ್ಳಿ, ಆಗ ಮಾತ್ರ ಒಂದೆರಡು ನಿಮಿಷ ಐಡಲಿಂಗ್ ಬಿಡಿ, ಆಮೇಲೆ ಆಫ್ ಮಾಡಿ ಡೀಸೆಲ್ ಹಾಕಿಸಿ. ಊರೊಳಗೆ ಮೆತ್ತಗೆ ಓಡಿಸಿ ಬಂದಾಗ ಇದೆಲ್ಲ ಬೇಡ. ಎಂಜಿನ್ ತಾನಾಗಿ ಆಫ್ ಆಗುವ ಸ್ಟಾರ್ಟ್-ಸ್ಟಾಪ್ ಸೌಲಭ್ಯ ಇದ್ದರೆ ಜೋರು ಓಟದ ಕೊನೆಗೆ ಅದರ ಬಟನ್ ಒತ್ತಿ ಅದನ್ನು ನಿಲ್ಲಿಸಿಕೊಳ್ಳಿ.

ಈಗಿನ ಡೀಸೆಲ್ ಟರ್ಬೊಗಳಲ್ಲಿ ಹೆಚ್ಚಿನವು ವೇರಿಯಬಲ್ ಜಾಮೆಟ್ರಿಯವು, ಅಂದರೆ ಹೊಗೆ ಬರುವ ದಾರಿಯಲ್ಲಿ ತಿರುಗುವ ಸಣ್ಣ ರೆಕ್ಕೆಗಳಿರುತ್ತವೆ. ಯಾವಾಗಲೂ ಮೆತ್ತಗೆ ಓಡಿಸಿದರೆ ಆ ರೆಕ್ಕೆಗಳಿಗೆ ಮಸಿ ಹಿಡಿದು ಅಂಟಿಕೊಳ್ಳುತ್ತವೆ, ಗಾಡಿ ಇದ್ದಕ್ಕಿದ್ದ ಹಾಗೆ ಎಳೆಯುವುದನ್ನೇ ಬಿಡುತ್ತದೆ. ಪಳಗಿದ ಎಂಜಿನ್ ಅನ್ನು ವಾರಕ್ಕೊಮ್ಮೆಯಾದರೂ, ಚೆನ್ನಾಗಿ ಬಿಸಿಯಾದ ಮೇಲೆ, 3,500 ದಾಟುವ ತನಕ ಎರಡು ಮೂರು ಸಲ ಪೂರ್ತಿ ಎಳೆಸಿ. ಇದನ್ನು ಶೋಕಿ ಅಂದುಕೊಳ್ಳಬೇಡಿ, ರೆಕ್ಕೆಗಳು ಸಲೀಸಾಗಿ ಆಡುತ್ತಿರಬೇಕಾದರೆ ಇದು ಬೇಕು.

ಆಯಿಲ್ ವಿಷಯದಲ್ಲಿ ಉಳಿತಾಯ ಬೇಡ

ಮೊದಲ 5,000 ಕಿ.ಮೀ. ತನಕ ವಾರಕ್ಕೊಮ್ಮೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿ. ಸಮತಟ್ಟಾದ ಜಾಗ, ಬಿಸಿ ಎಂಜಿನ್ ಆಫ್ ಮಾಡಿ ಐದು ಹತ್ತು ನಿಮಿಷ ಕಳೆದಿರಬೇಕು. ಹೊಸದರಲ್ಲಿ ಸ್ವಲ್ಪ ಆಯಿಲ್ ಖರ್ಚಾಗುವುದು ಸಹಜ, ರಿಂಗು ಕೂರುತ್ತಾ ಹೋದ ಹಾಗೆ ಅದು ಕಡಿಮೆಯಾಗಬೇಕು. ಕಡಿಮೆಯಾಗದೆ ಇದ್ದರೆ, ಅಥವಾ ಜಾಸ್ತಿಯಾದರೆ, ವಾರಂಟಿ ಇರುವಾಗಲೇ ಅಂಕಿ ಸಮೇತ ತೋರಿಸಿ. ಮಿನ್ ಗುರುತಿಗೂ ಮ್ಯಾಕ್ಸ್ ಗುರುತಿಗೂ ನಡುವೆ ಸುಮಾರು ಒಂದು ಲೀಟರ್ ವ್ಯತ್ಯಾಸ ಇರುತ್ತದೆ, ಸೇರಿಸುವಾಗ ಕಾಲು ಕಾಲು ಲೀಟರ್ ಹಾಕಿ ನೋಡಿ.

ಮಟ್ಟ ಇಳಿದರೆ ಎಲ್ಲರಿಗೂ ಗಾಬರಿ. ಡೀಸೆಲ್‌ನಲ್ಲಿ ಮಟ್ಟ ಏರಿದರೂ ಗಾಬರಿ ಆಗಬೇಕು. ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ತನ್ನಲ್ಲಿ ತುಂಬಿದ ಮಸಿ ಸುಡುವಾಗ ಒಳಗೆ ಚಿಮ್ಮಿಸಿದ ಹೆಚ್ಚುವರಿ ಡೀಸೆಲ್‌ನಲ್ಲಿ ಸ್ವಲ್ಪ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳುವಾಗುತ್ತದೆ, ಮಟ್ಟ ಮೇಲೇರುತ್ತದೆ. ಮ್ಯಾಕ್ಸ್ ಗುರುತು ದಾಟಿದ್ದರೆ ಗಾಡಿ ಓಡಿಸುವುದನ್ನು ಬಿಟ್ಟು ಆಯಿಲ್ ಬದಲಿಸಿ. ತೀರಾ ಜಾಸ್ತಿಯಾದರೆ ಎಂಜಿನ್ ತನ್ನ ಆಯಿಲ್ಲನ್ನೇ ಗಾಳಿಯ ದಾರಿಯಲ್ಲಿ ಎಳೆದುಕೊಂಡು ಉರಿಸಲು ಶುರು ಮಾಡಬಹುದು, ಆಗ ಕೀ ತೆಗೆದರೂ ನಿಲ್ಲುವುದಿಲ್ಲ, ಆರ್‌ಪಿಎಂ ಏರುತ್ತಲೇ ಹೋಗುತ್ತದೆ. ಹಾಗೇನಾದರೂ ಆದರೆ, ಮ್ಯಾನುಯಲ್ ಗೇರಿನ ಗಾಡಿಯಲ್ಲಿ ಬ್ರೇಕ್ ಗಟ್ಟಿಯಾಗಿ ತುಳಿದು, ಟಾಪ್ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಬಂದ್ ಬೀಳಿಸುವುದು ಒಂದು ದಾರಿ.

ಬದಲಿಸಿದ ಆಯಿಲ್ ನೂರಿನ್ನೂರು ಕಿ.ಮೀ.ಗೇ ಕಪ್ಪಾಯಿತು ಅಂತ ಹೆದರಬೇಡಿ. ಡೀಸೆಲ್ ಆಯಿಲ್ ಮಸಿಯನ್ನು ಹಿಡಿದಿಟ್ಟುಕೊಳ್ಳುವ ಕೆಲಸ ಮಾಡುತ್ತಿದೆ ಅಂತಲೇ ಅದರ ಅರ್ಥ.

ಯಾವ ಆಯಿಲ್? ಡಬ್ಬಿಯ ಮೇಲೆ ಆಯಿಲ್ ಎಷ್ಟು ಗಟ್ಟಿ ಅಂತ ಹೇಳುವ 5ಡಬ್ಲ್ಯೂ-30 ಅನ್ನುವ ಅಂಕಿ ಹೊಂದಿದರೆ ಸಾಲದು. ಡಿಪಿಎಫ್ ಇರುವ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು, ಅದನ್ನು ಲೋ ಸ್ಯಾಪ್ಸ್ ಅನ್ನುತ್ತಾರೆ. ಉದಾಹರಣೆಗೆ ಯುರೋಪಿನ ವಾಹನ ತಯಾರಕರ ಸಂಘವಾದ ಎಸಿಇಎಯ ಸಿ3 ದರ್ಜೆಯ ಆಯಿಲ್‌ನಲ್ಲಿ ಸಲ್ಫೇಟೆಡ್ ಬೂದಿ ಶೇ 0.8 ದಾಟುವ ಹಾಗಿಲ್ಲ. ಮಸಿಯನ್ನು ಡಿಪಿಎಫ್ ಸುಟ್ಟುಕೊಳ್ಳುತ್ತದೆ, ಬೂದಿಯನ್ನು ಸುಡಲು ಆಗುವುದಿಲ್ಲ, ಅದು ಅಲ್ಲೇ ತುಂಬುತ್ತಾ ಹೋಗುತ್ತದೆ. ಕಂಪನಿ ತನ್ನದೇ ಅಪ್ರೂವಲ್ ನಂಬರ್ ಕೊಟ್ಟಿರುತ್ತದೆ, ಡಬ್ಬಿಯ ಹಿಂದೆ ಆ ನಂಬರ್ ಅಚ್ಚಾಗಿದೆಯಾ ನೋಡಿ ತೆಗೆದುಕೊಳ್ಳಿ.

ಮೊದಲ ಆಯಿಲ್ ಯಾವಾಗ ಬದಲಿಸಬೇಕು ಅನ್ನುವುದರಲ್ಲಿ ವಾದ ಜೋರಾಗಿದೆ. ಹೆಚ್ಚಿನ ಕಂಪನಿಗಳು ಮೊದಲ ಮಾಮೂಲಿ ಸರ್ವೀಸ್ ತನಕ ಬೇಡ ಅನ್ನುತ್ತವೆ. ನಾನು 3,000 ಕಿ.ಮೀ. ಹತ್ತಿರ ಆಯಿಲ್, ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸುತ್ತೇನೆ. ಉಜ್ಜಿದ ಲೋಹದ ಪುಡಿ ಜಾಸ್ತಿ ಬರುವುದು ಶುರುವಿನಲ್ಲೇ, ಅದನ್ನು ಹತ್ತು ಹದಿನೈದು ಸಾವಿರ ಕಿ.ಮೀ. ಒಳಗೇ ಸುತ್ತಿಸಲು ನನಗೆ ಮನಸ್ಸಿಲ್ಲ. ಆದರೆ ಕೆಲವು ಕಂಪನಿಗಳು ಪಳಗಿಸಲೆಂದೇ ಬೇರೆ ಬಗೆಯ ಆಯಿಲ್ ತುಂಬಿ ಕಳಿಸುತ್ತವೆ, ಅಂಥ ಗಾಡಿಯಲ್ಲಿ ಬೇಗ ಬದಲಿಸಬಾರದು ಅಂತ ಮ್ಯಾನುಯಲ್‌ನಲ್ಲೇ ಇರುತ್ತದೆ. ಮೊದಲ ಸಲ ಬದಲಿಸಿದ ಮೇಲೆ 10,000 ಕಿ.ಮೀ. ಅಥವಾ ಒಂದು ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. 20,000, 30,000 ತನಕ ಓಡಿಸಬಹುದು ಅನ್ನುವ ಲೆಕ್ಕ ಉದ್ದುದ್ದ ಹೆದ್ದಾರಿ ಓಟದವರಿಗೆ ಸರಿ. ಊರೊಳಗೆ ಮೂರು ನಾಲ್ಕು ಕಿ.ಮೀ. ಓಡಿಸಿ ನಿಲ್ಲಿಸುವವರಿಗೆ ಖಂಡಿತ ಅಲ್ಲ, ಅವರ ಆಯಿಲ್‌ನಲ್ಲಿ ಡೀಸೆಲ್ಲೂ ನೀರಿನ ಪಸೆಯೂ ಸೇರುತ್ತಲೇ ಇರುತ್ತವೆ, ಅವು ಆವಿಯಾಗುವಷ್ಟು ಬಿಸಿ ಯಾವತ್ತೂ ಆಗುವುದಿಲ್ಲ.

ಡಿಪಿಎಫ್: ಉಸಿರು ಕಟ್ಟದ ಹಾಗೆ ನೋಡಿಕೊಳ್ಳಿ

ಸೈಲೆನ್ಸರ್ ದಾರಿಯಲ್ಲಿ ಜೇನುಗೂಡಿನ ಹಾಗಿರುವ ಈ ಫಿಲ್ಟರ್ ಮಸಿಯನ್ನು ಹಿಡಿದಿಡುತ್ತದೆ. ತುಂಬಿದಾಗ ಎಂಜಿನ್ ಹೆಚ್ಚು ಡೀಸೆಲ್ ಚಿಮ್ಮಿಸಿ ಅದರ ಬಿಸಿಯನ್ನು 600 ಡಿಗ್ರಿ ಹತ್ತಿರ ಏರಿಸಿ ಮಸಿಯನ್ನು ಸುಡುತ್ತದೆ. ಇದು ರೀಜನರೇಷನ್. ಕೆಲವು ನೂರು ಕಿ.ಮೀ.ಗೆ ಒಮ್ಮೆ ನಡೆಯುತ್ತದೆ, ಹತ್ತರಿಂದ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಹೆಚ್ಚಿನ ಗಾಡಿಗಳು ಇದನ್ನು ಹೇಳುವುದಿಲ್ಲ, ನೀವೇ ಗುರುತು ಹಿಡಿಯಬೇಕು. ನಿಂತಾಗ 750–800 ಇರುತ್ತಿದ್ದ ಆರ್‌ಪಿಎಂ 1,000 ಹತ್ತಿರ ಇರುತ್ತದೆ, ಸ್ಟಾರ್ಟ್-ಸ್ಟಾಪ್ ಕೆಲಸ ಮಾಡುವುದಿಲ್ಲ, ಆ ಕ್ಷಣದ ಮೈಲೇಜು ಕುಸಿಯುತ್ತದೆ, ಎಂಜಿನ್ ಸದ್ದು ಸ್ವಲ್ಪ ದಪ್ಪ ಆಗುತ್ತದೆ, ಬಿಸಿ ಲೋಹದ ವಾಸನೆ ಬರಬಹುದು.

ಹೀಗಿರುವಾಗ ಮನೆ ಮುಟ್ಟಿದಿರಿ ಅಂತ ಆಫ್ ಮಾಡಬೇಡಿ. ಇನ್ನೂ ಹತ್ತು ನಿಮಿಷ ಸುತ್ತಿ ಬನ್ನಿ. ಒಮ್ಮೊಮ್ಮೆ ಅರ್ಧಕ್ಕೆ ನಿಂತರೆ ದೊಡ್ಡ ಕೇಡಿಲ್ಲ, ಮುಂದಿನ ಓಟದಲ್ಲಿ ಅದು ಮತ್ತೆ ಪ್ರಯತ್ನಿಸುತ್ತದೆ. ಆದರೆ ಪ್ರತಿ ಸಲ ಅರ್ಧಕ್ಕೇ ನಿಂತರೆ ಮಸಿಯೂ ಉಳಿಯುತ್ತದೆ, ಆಯಿಲ್‌ಗೆ ಡೀಸೆಲ್ಲೂ ಸೇರುತ್ತದೆ. ಡಿಪಿಎಫ್ ದೀಪ ಹತ್ತಿಕೊಂಡರೆ ಅದೇ ದಿನ ಗಾಡಿಯನ್ನು ಹೆದ್ದಾರಿಗೆ ತೆಗೆದುಕೊಂಡು ಹೋಗಿ, ಒಂದು ಗೇರು ಕಡಿಮೆ ಇಟ್ಟು 2,000–2,500 ಆರ್‌ಪಿಎಂನಲ್ಲಿ, 60 ಕಿ.ಮೀ.ಗಿಂತ ಮೇಲಿನ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿ. ದೀಪ ಮಿನುಗಲು ಶುರುವಾದರೆ, ಅಥವಾ ಜೊತೆಗೆ ಎಂಜಿನ್ ದೀಪವೂ ಬಂದರೆ, ಓಡಿಸಿ ಸರಿಮಾಡುವ ಹಂತ ದಾಟಿದೆ. ವರ್ಕ್‌ಶಾಪಿಗೆ ಹೋಗಿ.

ಒಂದು ಮಾತು ನೇರವಾಗಿ ಹೇಳುತ್ತೇನೆ. ನಿಮ್ಮ ಓಡಾಟ ಎಲ್ಲ ಐದು ಕಿ.ಮೀ. ಒಳಗೇ ಇದ್ದರೆ, ವಾರಕ್ಕೊಮ್ಮೆ ನಲವತ್ತು ಐವತ್ತು ಕಿ.ಮೀ. ಓಡಿಸುವ ಅವಕಾಶವೂ ಇಲ್ಲದಿದ್ದರೆ, ಡಿಪಿಎಫ್ ಇರುವ ಡೀಸೆಲ್ ಗಾಡಿ ನಿಮಗಲ್ಲ. ಇನ್ನೂ ಕೊಂಡಿಲ್ಲದಿದ್ದರೆ ಈಗಲೇ ಯೋಚಿಸಿ.

ನಿಮ್ಮ ಗಾಡಿಗೆ ಹೊಗೆಯ ವಿಷಾನಿಲ ಕಡಿಮೆ ಮಾಡುವ ಆಡ್‌ಬ್ಲೂ ದ್ರವ ಇದ್ದರೆ ಅದರ ಟ್ಯಾಂಕ್ ಪೂರ್ತಿ ಖಾಲಿಯಾಗಲು ಬಿಡಬೇಡಿ. ಖಾಲಿಯಾದರೆ ಬಹಳ ಗಾಡಿಗಳು ಮತ್ತೆ ಸ್ಟಾರ್ಟೇ ಆಗುವುದಿಲ್ಲ. ಅದು ಶೇ 32.5 ಯೂರಿಯಾ ಇರುವ ನೀರು, ಡೀಸೆಲ್ ಟ್ಯಾಂಕಿಗೆ ತಪ್ಪಿ ಬಿದ್ದರೆ ಇಂಧನದ ದಾರಿಯೆಲ್ಲ ಹಾಳು, ಸ್ಟಾರ್ಟ್ ಮಾಡಲೇಬೇಡಿ.

ಡೀಸೆಲ್, ಗಾಳಿ, ಹೊಗೆ

ಇಂಜೆಕ್ಟರ್‌ಗಳಿಗೆ ಡೀಸೆಲ್ ಒತ್ತಿ ಕಳಿಸುವ ಕಾಮನ್ ರೈಲ್ ಪಂಪ್ 1,600ರಿಂದ 2,500 ಬಾರ್ ತನಕ ಒತ್ತಡ ಹುಟ್ಟಿಸುತ್ತದೆ, ಇಂಜೆಕ್ಟರ್ ತೂತುಗಳು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಆ ಪಂಪಿಗೆ ಡೀಸೆಲ್ಲೇ ಆಯಿಲ್ ಇದ್ದ ಹಾಗೆ. ಆದ್ದರಿಂದ ಟ್ಯಾಂಕ್ ಬರಿದಾಗುವ ತನಕ ಓಡಿಸಬೇಡಿ, ಕಾಲು ಭಾಗ ಇರುವಾಗಲೇ ತುಂಬಿಸಿ. ಜನ ಜಾಸ್ತಿ ಬರುವ, ಸರಕು ಬೇಗ ಖರ್ಚಾಗುವ ಬಂಕಿನಲ್ಲಿ ಹಾಕಿಸಿ, ನೀರು ಸೇರಿರುವ ಭಯ ಕಡಿಮೆ. ಡೀಸೆಲ್ ಫಿಲ್ಟರನ್ನು ಮ್ಯಾನುಯಲ್ ಹೇಳಿದ ದಿನಕ್ಕಿಂತ ಮೊದಲೇ ಬದಲಿಸಿದರೂ ನಷ್ಟ ಇಲ್ಲ, ತಡ ಮಾಡಿದರೆ ಇಂಜೆಕ್ಟರ್ ಖರ್ಚು. ಫಿಲ್ಟರಿನಲ್ಲಿ ನೀರು ಅಂತ ದೀಪ ಬಂದರೆ ಅಂದೇ ಇಳಿಸಿ. ತಪ್ಪಿ ಪೆಟ್ರೋಲ್ ಹಾಕಿಸಿದರೆ ಕೀ ಆನ್ ಕೂಡ ಮಾಡಬೇಡಿ, ಕೀ ತಿರುಗಿಸಿದರೇ ಟ್ಯಾಂಕಿನೊಳಗಿನ ಪಂಪ್ ಓಡಿ ಅದನ್ನು ಮುಂದಕ್ಕೆ ತಳ್ಳುತ್ತದೆ. ಗಾಡಿಯನ್ನು ತಳ್ಳಿ ಬದಿಗಿಟ್ಟು ಟ್ಯಾಂಕ್ ಖಾಲಿ ಮಾಡಿಸಿ.

ಏರ್ ಫಿಲ್ಟರ್ ಧೂಳಿನ ರಸ್ತೆಯಾದರೆ ಬೇಗ ಬದಲಿಸಿ, ಧೂಳು ಒಳಗೆ ಹೋದರೆ ಮೊದಲು ಸವೆಯುವುದು ಟರ್ಬೊದ ಗಾಳಿ ಬದಿಯ ರೆಕ್ಕೆ, ಆಮೇಲೆ ನೀವು ಇಷ್ಟು ಕಷ್ಟಪಟ್ಟು ಕೂರಿಸಿದ ರಿಂಗು. ಕೂಲೆಂಟ್ ಕಡಿಮೆಯಾದರೆ ಕಂಪನಿ ಹೇಳಿದ ಬಗೆಯದ್ದೇ ಹಾಕಿ, ಬಣ್ಣ ನೋಡಿ ಬೆರೆಸಬೇಡಿ, ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ.

ಹೊಗೆ ಬಂದರೆ ಬಣ್ಣ ನೋಡಿ. ಕಪ್ಪು ಅಂದರೆ ಗಾಳಿ ಕಡಿಮೆ, ಡೀಸೆಲ್ ಜಾಸ್ತಿ. ಒತ್ತಿದಾಗ ಸುಯ್ಯೆಂಬ ಸದ್ದೂ ಬಂದು ಎಳೆತ ಕಡಿಮೆಯಾಗಿದ್ದರೆ ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪ್ ಬಿಟ್ಟಿರಬಹುದು. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ, ಟರ್ಬೊ ಸೀಲ್ ಅಥವಾ ರಿಂಗು. ಬಿಸಿಯಾದ ಮೇಲೂ ಬಿಡದ ಬಿಳಿ ಹೊಗೆ ಅಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ಕೂಲೆಂಟ್ ಒಳಗೆ ಸೇರುತ್ತಿದೆ. ಡಿಪಿಎಫ್ ಇರುವ ಗಾಡಿಯಲ್ಲಿ ಕಪ್ಪು ಹೊಗೆ ಹೊರಗೆ ಕಾಣಲೇಬಾರದು, ಕಂಡರೆ ಆ ಫಿಲ್ಟರ್ ಒಡೆದಿರುವ ಸಾಧ್ಯತೆ ಇದೆ.

ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಪ್ರತಿ ಸಲ ಡೀಸೆಲ್ ಹಾಕಿಸಿದಾಗ ಕಿ.ಮೀ., ಲೀಟರ್, ಡಿಪ್‌ಸ್ಟಿಕ್ ಮಟ್ಟ, ರೀಜನರೇಷನ್ ನಡೆದದ್ದು ಗಮನಕ್ಕೆ ಬಂದಿದ್ದರೆ ಅದರ ಕಿ.ಮೀ., ಇಷ್ಟು ಬರೆಯಿರಿ. 400 ಕಿ.ಮೀ.ಗೆ ಒಮ್ಮೆ ಆಗುತ್ತಿದ್ದ ರೀಜನರೇಷನ್ 150ಕ್ಕೆ ಬಂದರೆ ಇಂಜೆಕ್ಟರ್, ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್‌ಗೆ ಕಳಿಸುವ ವಾಲ್ವ್) ಅಥವಾ ಟರ್ಬೊ ಪೈಪ್ ಎಲ್ಲೋ ಕೈಕೊಡುತ್ತಿದೆ ಅಂತ, ಎಷ್ಟೋ ಸಲ ದೀಪ ಹತ್ತುವ ಮೊದಲೇ ನಿಮಗೆ ತಿಳಿಯುತ್ತದೆ. ವರ್ಕ್‌ಶಾಪಿನಲ್ಲಿ ಆಯಿಲ್ ಜಾಸ್ತಿ ಕುಡಿಯುತ್ತಿದೆ ಅಂತ ಬರಿ ಬಾಯಲ್ಲಿ ಹೇಳುವುದಕ್ಕೂ, ಯಾವ ದಿನ ಎಷ್ಟು ಕಿ.ಮೀ.ಗೆ ಎಷ್ಟು ಸೇರಿಸಿದಿರಿ ಅಂತ ಪುಟ ತೆರೆದು ತೋರಿಸುವುದಕ್ಕೂ ಬಹಳ ವ್ಯತ್ಯಾಸ ಇದೆ. ನನ್ನ ಮೊದಲ ಗಾಡಿಗೆ ಅಂಥ ಪುಸ್ತಕ ಇರಲಿಲ್ಲ. ಈಗಿನ ಗಾಡಿಯದ್ದು ಎರಡನೆಯ ಪುಸ್ತಕ ನಡೆಯುತ್ತಿದೆ, ಎರಡು ಸರ್ವೀಸ್ ನಡುವೆ ಆಯಿಲ್ ಸೇರಿಸಿದ ಸಾಲು ಅದರಲ್ಲಿ ಇನ್ನೂ ಒಂದೂ ಬಂದಿಲ್ಲ.